ಚುನಾವಣಾ ಕಣದಲ್ಲಿ ಸಣ್ಣ ಪಕ್ಷಗಳು

ನೋಂದಣಿ ಮತ್ತು ಮಾನ್ಯತೆ

ರಾಜಕೀಯ ಪಕ್ಷಗಳು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಡಿ ಚುನಾವಣಾ ಆಯೋಗದಲ್ಲಿ ನೋಂದಣಿಯಾಗುತ್ತವೆ. ನೋಂದಣಿ ಬೇರೆ, ಮಾನ್ಯತೆ ಬೇರೆ. ವಿಧಾನಸಭಾ ಚುನಾವಣೆಯಲ್ಲಿ ಸಿಂಧು ಮತಗಳ ಶೇ 6ರಷ್ಟನ್ನೂ ಕನಿಷ್ಠ 2 ಸ್ಥಾನಗಳನ್ನೂ ಗಳಿಸುವುದು ರಾಜ್ಯ ಪಕ್ಷವಾಗಿ ಮಾನ್ಯತೆ ಪಡೆಯುವ ಒಂದು ಮಾರ್ಗ. ಮಾನ್ಯತೆ ಇಲ್ಲದ ಪಕ್ಷಗಳೂ ಪಕ್ಷೇತರರೂ ಸ್ಪರ್ಧಿಸಬಹುದು. ಆದರೆ ಅವರಿಗೆ ಅನ್ವಯಿಸುವ ನಿಯಮಗಳು ಹಲವೆಡೆ ಭಿನ್ನವಾಗಿವೆ.

ಸೂಚಕರು ಮತ್ತು ಠೇವಣಿ

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಯ ನಾಮಪತ್ರಕ್ಕೆ ಕ್ಷೇತ್ರದ ಒಬ್ಬ ಮತದಾರ ಸೂಚಕನಾದರೆ ಸಾಕು. ಉಳಿದವರಿಗೆ 10 ಸೂಚಕರು ಬೇಕು. ಠೇವಣಿ ಮಾತ್ರ ಎಲ್ಲ ಪಕ್ಷದವರಿಗೂ ಒಂದೇ: ವಿಧಾನಸಭೆಗೆ 10,000 ರೂಪಾಯಿ, ಲೋಕಸಭೆಗೆ 25,000 ರೂಪಾಯಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಅಭ್ಯರ್ಥಿಗಳಿಗೆ ಇದರ ಅರ್ಧ. ಸೋತವರು ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಪಡೆಯದಿದ್ದರೆ ಠೇವಣಿ ಜಪ್ತಿಯಾಗುತ್ತದೆ. 1,50,000 ಸಿಂಧು ಮತಗಳಿರುವ ಕ್ಷೇತ್ರದಲ್ಲಿ 25,000 ಮತ ಪಡೆದವರೂ ಠೇವಣಿ ಕಳೆದುಕೊಳ್ಳುತ್ತಾರೆ. ನೋಟಾ ಮತಗಳು ಈ ಲೆಕ್ಕಕ್ಕೆ ಸೇರುವುದಿಲ್ಲ.

ಈ ಬಿಗಿ ನಿಯಮಗಳಿಗೆ ಬೆಳಗಾವಿಯ ಅನುಭವವೂ ಒಂದು ಕಾರಣ. 1996ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿ 456 ಅಭ್ಯರ್ಥಿಗಳಿದ್ದರು. ಆಗ ಠೇವಣಿ 500 ರೂಪಾಯಿ. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯಾಗಿ ಠೇವಣಿ ಏರಿತು, 10 ಸೂಚಕರ ನಿಯಮ ಬಂತು. ಅಷ್ಟು ಹೆಸರುಗಳ ನಡುವೆ ಮತದಾರ ತನ್ನ ಅಭ್ಯರ್ಥಿಯನ್ನು ಹುಡುಕಬೇಕಾಗಿತ್ತು ಎಂಬುದನ್ನು ನೆನೆದರೆ ತಿದ್ದುಪಡಿ ಅಗತ್ಯವೇ ಆಗಿತ್ತು.

ಚಿಹ್ನೆ

1968ರ ಚಿಹ್ನೆಗಳ ಆದೇಶದಂತೆ ಮಾನ್ಯತೆ ಪಡೆದ ಪಕ್ಷದ ಚಿಹ್ನೆ ಮೀಸಲು. ಅದು ಜನರಿಗೆ ವರ್ಷಗಳಿಂದ ಪರಿಚಿತ. ಪಕ್ಷೇತರರಿಗೆ ಮುಕ್ತ ಚಿಹ್ನೆಗಳ ಪಟ್ಟಿಯಿಂದ ಒಂದನ್ನು ಕೊಡುತ್ತಾರೆ, ಅದೂ ನಾಮಪತ್ರ ಹಿಂಪಡೆಯುವ ಅವಧಿ ಮುಗಿದ ಮೇಲೆ. ಹಲಸಿಗೆ ಹೆಸರಾದ ಚೇಳೂರಿನಲ್ಲಿ ಹಲಸಿನ ಹಣ್ಣೇ ಚಿಹ್ನೆಯಾಗಿ ಸಿಕ್ಕಿದರೂ, ಅದು ಯಾರದೆಂದು ಮನೆಮನೆಗೆ ತಿಳಿಸಲು ಉಳಿಯುವುದು ಸುಮಾರು ಎರಡು ವಾರ. ಮತಯಂತ್ರದಲ್ಲಿಯೂ ಮಾನ್ಯತೆ ಪಡೆದ ಪಕ್ಷಗಳವರ ಹೆಸರು ಮೊದಲು, ಇತರ ನೋಂದಾಯಿತ ಪಕ್ಷಗಳವರದು ಅನಂತರ, ಪಕ್ಷೇತರರದು ಕೊನೆಗೆ. ಆಕಾಶವಾಣಿ, ದೂರದರ್ಶನಗಳಲ್ಲಿ ಉಚಿತ ಪ್ರಚಾರಾವಕಾಶ ಮಾನ್ಯತೆ ಪಡೆದ ಪಕ್ಷಗಳಿಗಷ್ಟೇ ಇದೆ.

ವೆಚ್ಚದ ಮಿತಿ

ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಪಕ್ಷ ತನ್ನ ಸಾಮಾನ್ಯ ಪ್ರಚಾರಕ್ಕೆ ಮಾಡುವ ವೆಚ್ಚಕ್ಕೆ ಮಿತಿಯೇ ಇಲ್ಲ. ಸಮಾನತೆಗೆ ಠೇವಣಿಗಿಂತ ದೊಡ್ಡ ಪೆಟ್ಟು ಇದೇ. ಇಲ್ಲಿ ತಿದ್ದುಪಡಿ ಆಗಲೇಬೇಕು.

ಗೆದ್ದ ಉದಾಹರಣೆಗಳು

2004ರಲ್ಲಿ ಗುಬ್ಬಿ ಕ್ಷೇತ್ರದಿಂದ ಎಸ್.ಆರ್. ಶ್ರೀನಿವಾಸ್ ಪಕ್ಷೇತರರಾಗಿ ಗೆದ್ದರು. ಅವರ ಅನಂತರದ ಗೆಲುವುಗಳು ದೊಡ್ಡ ಪಕ್ಷಗಳ ಚಿಹ್ನೆಯಲ್ಲಿ ಬಂದವು. 2023ರಲ್ಲಿ ಮೇಲುಕೋಟೆಯಲ್ಲಿ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಗೆದ್ದಾಗ ಕಾಂಗ್ರೆಸ್ ಅಲ್ಲಿ ಅಭ್ಯರ್ಥಿಯನ್ನು ನಿಲ್ಲಿಸದೆ ಅವರನ್ನು ಬೆಂಬಲಿಸಿತ್ತು.

ಗ್ರಾಮ ಪಂಚಾಯಿತಿಯಲ್ಲಿ

ಕರ್ನಾಟಕದ ಗ್ರಾಮ ಪಂಚಾಯಿತಿ ಚುನಾವಣೆಗಳು ಪಕ್ಷರಹಿತ. ರಾಜ್ಯ ಚುನಾವಣಾ ಆಯೋಗ ನಡೆಸುವ ಈ ಚುನಾವಣೆಗಳಲ್ಲಿ ಪಕ್ಷದ ಚಿಹ್ನೆ ಬಳಸುವಂತಿಲ್ಲ; ಪ್ರತಿಯೊಬ್ಬರೂ ಮುಕ್ತ ಚಿಹ್ನೆಯ ಮೇಲೆಯೇ ಮತ ಕೇಳುತ್ತಾರೆ.