ಅವಾಹಕಗಳ ಇತಿಹಾಸದಲ್ಲಿ ಉಷ್ಣತೆಯ ಪಾತ್ರ

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುಚ್ಛಕ್ತಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದುದು ಕನ್ನಡನಾಡಿನ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸಂಕಲ್ಪವನ್ನೂ ಇಂಜಿನಿಯರ್ ಜೋಲಿ ದ ಲೋಬಿನಿಯೇರ್ ಅವರ ಯೋಜನೆಯನ್ನೂ ಜನರು ಸ್ಮರಿಸುತ್ತಾರೆ. ಆದರೆ ಸುಮಾರು 35,000 ವೋಲ್ಟುಗಳ ವಿದ್ಯುತ್ತು 92 ಮೈಲಿಗಳ ದಾರಿಯಲ್ಲಿ ನೆಲಕ್ಕೆ ಹರಿದುಹೋಗದಂತೆ ಕಾದ ಪಿಂಗಾಣಿಯ ಅವಾಹಕಗಳನ್ನು ನೆನೆಯುವವರು ವಿರಳ. ಆ ಕಾವಲಿನ ಇತಿಹಾಸವನ್ನು ಪರಿಶೀಲಿಸಿದರೆ, ವೋಲ್ಟೇಜು ಅವಾಹಕದ ಪ್ರಕಟ ವೈರಿಯಾದರೆ ಶಾಖವು ಅದರ ಗುಪ್ತ ವೈರಿ ಎಂಬುದು ವ್ಯಕ್ತವಾಗುತ್ತದೆ.

ಕಂಬದ ಮೇಲಿನ ಪಿಂಗಾಣಿಯನ್ನು ಗಾಳಿಯೇ ತಣಿಸುತ್ತದೆ. 1932ರಲ್ಲಿ ಮೈಸೂರು ಸರ್ಕಾರವು ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಈ ಕಾವಲುಗಾರರು ನಾಡಿನಲ್ಲೇ ತಯಾರಾಗತೊಡಗಿದರು. ಆದರೆ ಯಂತ್ರದ ಸುರುಳಿಗಳಿಗೂ ನೆಲದೊಳಗಿನ ಕೇಬಲುಗಳಿಗೂ ಸುತ್ತಿದ ಕಾಗದ, ಹತ್ತಿ, ಅರಗುಗಳಿಗೆ ಗಾಳಿಯ ಈ ಉಪಕಾರವಿರಲಿಲ್ಲ. ಅವಾಹಕದಲ್ಲಿಯೂ ಅತ್ಯಲ್ಪ ವಿದ್ಯುತ್ತು ಸೋರುತ್ತದೆ. ಸೋರಿಕೆಯಿಂದ ಶಾಖ ಹುಟ್ಟುತ್ತದೆ. ಶಾಖವೇರಿದಂತೆ ಸೋರಿಕೆಯೂ ಏರುತ್ತದೆ. ಹುಟ್ಟುವ ಶಾಖವು ಹೊರಹೋಗುವ ಶಾಖವನ್ನು ಮೀರಿದೊಡನೆ ವಸ್ತು ಸುಟ್ಟು ತೂತಾಗುತ್ತದೆ. ಈ ಆಯವ್ಯಯವನ್ನು ಜರ್ಮನಿಯ ವಾಗ್ನರ್ 1922ರಲ್ಲಿ ಸಿದ್ಧಾಂತರೂಪದಲ್ಲಿ ಪ್ರತಿಪಾದಿಸಿದನು. ಉಷ್ಣತೆ ಸುಮಾರು 8 ಡಿಗ್ರಿ ಏರಿದರೆ ಟ್ರಾನ್ಸ್‌ಫಾರ್ಮರಿನ ಅವಾಹಕದ ಆಯುಷ್ಯ ಅರ್ಧವಾಗುತ್ತದೆಂಬ ನಿಯಮವನ್ನು ಅಮೆರಿಕದ ಮಾಂಟ್ಸಿಂಗರ್ 1930ರಲ್ಲಿ ಮುಂದಿಟ್ಟನು.

1933ರಲ್ಲಿ ಇಂಗ್ಲೆಂಡಿನಲ್ಲಿ ಪಾಲಿಥೀನ್ ದೊರೆತಾಗ ಅವಾಹಕಗಳ ಹೊಸ ಯುಗವೊಂದು ಆರಂಭವಾಯಿತು. ಪುಣೆಯ ಪಾಷಾಣದಲ್ಲಿ 1950ರಲ್ಲಿ ಉದ್ಘಾಟನೆಗೊಂಡ ರಾಷ್ಟ್ರೀಯ ರಸಾಯನ ಪ್ರಯೋಗಾಲಯವೂ ಮುಂದೆ ಇಂಥ ಪಾಲಿಮರುಗಳ ಅಧ್ಯಯನಕ್ಕೆ ಹೆಸರಾಯಿತು. ಆದರೆ ಪಾಲಿಥೀನಿಗೆ ಒಂದು ದೌರ್ಬಲ್ಯವಿತ್ತು: ಬಿಸಿಯಾದರೆ ಅದು ಮೆದುವಾಗುತ್ತದೆ. ಅದರ ಎರಡು ಬದಿಗಳಲ್ಲಿ ನಿಂತ ವಿರುದ್ಧ ವಿದ್ಯುದಾವೇಶಗಳು ಪರಸ್ಪರ ಆಕರ್ಷಿಸಿ ಮೆದುವಾದ ವಸ್ತುವನ್ನು ಹಿಂಡುತ್ತವೆ. ಅದು ತೆಳುವಾಗಿ ಕಡೆಗೆ ಭೇದಗೊಳ್ಳುತ್ತದೆ. 1955ರಲ್ಲಿ ಸ್ಟಾರ್ಕ್ ಮತ್ತು ಗಾರ್ಟನ್ ಈ ಕಾರಣವನ್ನು ವಿವರಿಸಿದರಲ್ಲದೆ, ವಿಕಿರಣದಿಂದ ಅಣುಸರಪಳಿಗಳನ್ನು ಒಂದಕ್ಕೊಂದು ಬೆಸೆದ ಪಾಲಿಥೀನ್ ಬಿಸಿಯಲ್ಲೂ ಬಲವನ್ನು ಉಳಿಸಿಕೊಳ್ಳುವುದೆಂದು ತೋರಿಸಿದರು. ಸಾಮಾನ್ಯ ಪಾಲಿಥೀನ್ ಕೇಬಲಿನ ಮಿತಿ 70 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಬೆಸೆದ ಪಾಲಿಥೀನಿನದು 90 ಡಿಗ್ರಿ.

1994ರಲ್ಲಿ ಬ್ರಿಟನ್ನಿನ ಟಿ. ಜೆ. ಲೂಯಿಸ್ ನ್ಯಾನೋಮೀಟರ್ ಪ್ರಮಾಣದ ಅವಾಹಕಗಳ ವಿಚಾರವನ್ನು ಮಂಡಿಸಿದರು. ಪಾಲಿಮರಿನಲ್ಲಿ ಸಿಲಿಕಾ, ಅಲ್ಯೂಮಿನಾ ಮೊದಲಾದವುಗಳ ಅತಿಸೂಕ್ಷ್ಮ ಪುಡಿಯನ್ನು ಬೆರೆಸಿದರೆ ಕಣಗಳ ಮೇಲ್ಮೈ ಅಪಾರವಾಗುತ್ತದೆ; ಕಣವೂ ಪಾಲಿಮರೂ ಕೂಡುವ ಅಂಚಿನಲ್ಲಿ ಚಲಿಸುವ ಆವೇಶಗಳು ಸಿಕ್ಕಿಬೀಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಎಪಾಕ್ಸಿಯ ಇಂಥ ನ್ಯಾನೋಕಾಂಪೋಸಿಟುಗಳ ಸಂಶೋಧನೆ ನಡೆದಿದೆ. ಆದರೆ ಉಷ್ಣತೆ ಇಲ್ಲಿಯೂ ತನ್ನ ಕಂದಾಯವನ್ನು ಬಿಡಲಿಲ್ಲ. ಬಿಸಿಯೇರಿದಾಗ ಸಿಕ್ಕಿಬಿದ್ದ ಆವೇಶಗಳು ಬಿಡುಗಡೆ ಹೊಂದುತ್ತವೆ, ಪಾಲಿಮರಿನ ಸರಪಳಿಗಳು ಸಡಿಲಗೊಳ್ಳುತ್ತವೆ. ಇನ್ನೊಂದು ತೊಡಕೂ ಉಂಟು. ಆವೇಶವನ್ನು ಹಿಡಿಯಲು ಶೇಕಡ ಕೆಲವೇ ಭಾಗ ಪುಡಿ ಸಾಕು. ಶಾಖವನ್ನು ಹೊರಸಾಗಿಸಲು ಅದು ಸಾಲದು. ಪುಡಿ ಹೆಚ್ಚಿಸಿದರೆ ಕಣಗಳು ಗಂಟುಕಟ್ಟಿ, ಆ ಗಂಟುಗಳೇ ಭೇದನದ ಬಾಗಿಲುಗಳಾಗುತ್ತವೆ.

ಹೀಗಿರುವಲ್ಲಿ, ತಣ್ಣನೆಯ ಕೊಠಡಿಯಲ್ಲಿ ಅಳೆದ ಬಲವನ್ನಷ್ಟೇ ಮುಂದಿಟ್ಟು ಹೊಸ ವಸ್ತುವನ್ನು ಶ್ಲಾಘಿಸುವುದು ಅರ್ಧ ಲೆಕ್ಕವನ್ನು ಒಪ್ಪಿಸಿದಂತೆ. ಬೇಸಿಗೆಯ ನಡುಹಗಲಿನಲ್ಲಿ ಪೂರ್ಣ ಭಾರ ಹೊತ್ತ ಕೇಬಲು ಅದನ್ನು ಒಪ್ಪುವುದಿಲ್ಲ. ಶಿವನಸಮುದ್ರದ ಪಿಂಗಾಣಿಗೆ ಗಾಳಿ ಮಾಡಿದ ಉಪಕಾರವನ್ನು ನೆಲದೊಳಗಿನ ಅವಾಹಕಕ್ಕೆ ಮಾಡಿಕೊಡುವ ಬಗೆ ಯಾವುದೆಂಬುದೇ ಈ ನೂರಿಪ್ಪತ್ತು ವರ್ಷಗಳ ಇತಿಹಾಸವು ಮುಂದಿನವರಿಗೆ ಉಳಿಸಿರುವ ಪ್ರಶ್ನೆ.