ಮನೆಯೊಳಗಿನ ಹವಳದ ತೊಟ್ಟಿ: ಚರಿತ್ರೆ ಮತ್ತು ಇಟ್ಟಮಡುವಿನ ಸಂದರ್ಭ

ಮೆದು ಹವಳ, ದೊಡ್ಡ ಪಾಲಿಪ್‌ಗಳ ಕಲ್ಲುಹವಳ, ಸಣ್ಣ ಪಾಲಿಪ್‌ಗಳ ಕಲ್ಲುಹವಳ ಈ ಮೂರನ್ನೂ ಒಂದೇ ಉಪ್ಪುನೀರಿನ ತೊಟ್ಟಿಯಲ್ಲಿ ಮೀನು, ಸಿಗಡಿಗಳ ಜೊತೆ ಸಾಕುವುದನ್ನು ಹವ್ಯಾಸಿಗಳು ‘ಮಿಕ್ಸ್ಡ್ ರೀಫ್’ ಎನ್ನುತ್ತಾರೆ. ಇವು ಒಳ್ಳೆಯ ನೆರೆಹೊರೆಯವರಲ್ಲ. ಅಕ್ರೊಪೊರಾದಂಥ ಸಣ್ಣ ಪಾಲಿಪ್‌ನ ಹವಳಕ್ಕೆ ಬಿರುಬೆಳಕು, ಜೋರು ಸೆಳೆತ, ಕಲ್ಮಶವಿಲ್ಲದ ನೀರು ಬೇಕು. ಮೆದು ಹವಳ ಮಂದ ಬೆಳಕಿನಲ್ಲೂ ಬದುಕುತ್ತದೆ, ಆದರೆ ನೀರಿಗೆ ರಾಸಾಯನಿಕ ಬಿಟ್ಟು ಪಕ್ಕದ ಕಲ್ಲುಹವಳವನ್ನು ಕುಗ್ಗಿಸುತ್ತದೆ. ಗ್ಯಾಲಾಕ್ಸಿಯಾ ಎಂಬ ಕಲ್ಲುಹವಳ ಉದ್ದನೆಯ ಕುಟುಕು ಎಳೆಗಳನ್ನು ಚಾಚಿ ಕೈಗೆ ಸಿಕ್ಕವರನ್ನು ಸುಡುತ್ತದೆ. ಹಾಗಾಗಿ ಇಂಥ ತೊಟ್ಟಿಯಲ್ಲಿ ಹವಳಗಳ ನಡುವೆ ಅಂತರ ಬಿಟ್ಟು, ನೀರನ್ನು ಸಕ್ರಿಯ ಇಂಗಾಲದ ಮೂಲಕ ಹಾಯಿಸುತ್ತಲೇ ಇರಬೇಕಾಗುತ್ತದೆ.

ಕಡಲಿನಿಂದ ದೂರದ ಮನೆಯಲ್ಲಿ ಹವಳ ಸಾಕಿದ ಮೊದಲಿಗರಲ್ಲಿ ಲಂಡನ್ನಿನ ಆನ್ನಾ ಥಿನ್ ಒಬ್ಬರು. 1846ರಲ್ಲಿ ಅವರು ಟಾರ್ಕೀ ತೀರದಿಂದ ಕಲ್ಲುಹವಳಗಳನ್ನು ಮನೆಗೆ ತಂದರು. ಪಂಪು ಇಲ್ಲದ ಕಾಲ; ತೆರೆದ ಕಿಟಕಿಯ ಬಳಿ ನಿಂತು ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿದು ಗಾಳಿ ಬೆರೆಸುವುದು ಮನೆಗೆಲಸದವಳ ದಿನನಿತ್ಯದ ಕೆಲಸವಾಯಿತು. ಚರಿತ್ರೆ ಥಿನ್ ಅವರ ಹೆಸರನ್ನು ಉಳಿಸಿಕೊಂಡಿದೆ, ಆ ಕೆಲಸದವಳದ್ದನ್ನಲ್ಲ. 1853ರಲ್ಲಿ ಲಂಡನ್ ಮೃಗಾಲಯದ ಮತ್ಸ್ಯಗೃಹ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ ‘ದಿ ಅಕ್ವೇರಿಯಂ’ ಪುಸ್ತಕ ಬಂದು ಗಾಜಿನ ತೊಟ್ಟಿ ಇಂಗ್ಲಿಷ್ ಮನೆಗಳ ಶೋಕಿಯಾಯಿತು.

ಬಿಸಿನಾಡಿನ ಹವಳ ಕೈಗೆ ದಕ್ಕಲು ಇನ್ನೂ ನೂರು ವರ್ಷ ಹಿಡಿಯಿತು. ಜಕಾರ್ತದ ಲೀ ಚಿನ್ ಎಂಗ್ ಕಡಲ ಜೀವಿಗಳು ತುಂಬಿದ ‘ಜೀವಂತ ಕಲ್ಲು’, ಬಿಸಿಲು, ಕಡಲ ನೀರು ಮತ್ತು ಗಾಳಿಯ ಗುಳ್ಳೆಗಳಿಂದಲೇ ಹವಳ ಉಳಿಸಬಹುದೆಂದು 1961ರಲ್ಲಿ ಬರೆದರು. ಸೋಸುವ ಕೆಲಸವನ್ನು ಯಂತ್ರಕ್ಕಿಂತ ಆ ಕಲ್ಲಿನೊಳಗಿನ ಬ್ಯಾಕ್ಟೀರಿಯಾಗಳೇ ಚೆನ್ನಾಗಿ ಮಾಡುತ್ತವೆ ಎಂಬ ಅರಿವಿನ ಬೇರು ಅಲ್ಲಿದೆ. ಯುರೋಪಿನಲ್ಲಿ ಪೀಟರ್ ವಿಲ್ಕೆನ್ಸ್ ಸುಣ್ಣದ ತಿಳಿನೀರು ಹನಿಸಿ ಹವಳಕ್ಕೆ ಕ್ಯಾಲ್ಸಿಯಂ ಒದಗಿಸುವುದನ್ನು ರೂಢಿಗೆ ತಂದರು. ರಾಸಾಯನಿಕವಾಗಿ ಅದು ನಮ್ಮ ಎಲೆಯಡಿಕೆಯ ಸುಣ್ಣವೇ, ಶುದ್ಧತೆಯೊಂದು ಬೇರೆ. ಡೀಟ್ರಿಖ್ ಸ್ಟೂಬರ್ ಮತ್ತು ಅವರ ಬರ್ಲಿನ್ ಗೆಳೆಯರು ಜೀವಂತ ಕಲ್ಲು, ನೊರೆಯಲ್ಲಿ ಕಲ್ಮಶ ಎತ್ತುವ ಸ್ಕಿಮ್ಮರ್, ಪ್ರಖರ ಮೆಟಲ್ ಹ್ಯಾಲೈಡ್ ದೀಪ ಮೂರನ್ನೂ ಕೂಡಿಸಿದ ‘ಬರ್ಲಿನ್ ವಿಧಾನ’ ಇಂದಿಗೂ ಅನೇಕ ಹವಳದ ತೊಟ್ಟಿಗಳ ಬೆನ್ನೆಲುಬು. ಅಮೆರಿಕದ ಹವ್ಯಾಸಿಗಳಿಗೆ ಇದನ್ನೆಲ್ಲ ಒಂದೆಡೆ ತಲುಪಿಸಿದ್ದು ಡೆಲ್‌ಬೀಕ್ ಮತ್ತು ಸ್ಪ್ರಂಗ್ 1994ರಲ್ಲಿ ಹೊರತಂದ ‘ದಿ ರೀಫ್ ಅಕ್ವೇರಿಯಂ’. ಈಚೆಗೆ ಎಲ್ಇಡಿ ಬಂದು ಕರೆಂಟು ಬಿಲ್ಲನ್ನೂ ಶಾಖವನ್ನೂ ಇಳಿಸಿತು.

ಬೆಂಗಳೂರಿಗರಿಗೆ ಅಕ್ವೇರಿಯಂ ಎಂದರೆ ಮೊದಲು ನೆನಪಾಗುವುದು ಕಬ್ಬನ್ ಪಾರ್ಕ್ ಅಂಚಿನ, 1983ರಲ್ಲಿ ತೆರೆದ ಸರ್ಕಾರಿ ಮತ್ಸ್ಯಾಲಯ. ಅದು ಮುಖ್ಯವಾಗಿ ಸಿಹಿನೀರಿನ ಮೀನುಗಳದ್ದು. ಕರ್ನಾಟಕದ ಸ್ವಂತ ಹವಳ ಮುಖ್ಯವಾಗಿ ಇರುವುದು ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ, ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ನೀರಿನಲ್ಲಿ.

ಭಾರತದ ಹವ್ಯಾಸವನ್ನು ತಿರುಗಿಸಿದ ವರ್ಷ 2001. ಆ ವರ್ಷ ಎಲ್ಲ ಕಲ್ಲುಹವಳಗಳು, ಕರಿಹವಳ, ಬೆಂಕಿಹವಳ, ಕೊಳಲುಹವಳ, ಕಡಲ ಬೀಸಣಿಗೆಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು, ಕಡಲಕುದುರೆಯೂ ಸೇರಿತು. ಅಂದರೆ ಕಾನೂನಿನ ಕಣ್ಣಲ್ಲಿ ಅಕ್ರೊಪೊರಾದ ಒಂದು ತುಂಡೂ ಹುಲಿಯೂ ಒಂದೇ ಸಾಲಿನವು. ಶಿಕ್ಷೆ 3ರಿಂದ 7 ವರ್ಷ ಜೈಲು. 2022ರ ತಿದ್ದುಪಡಿಯಲ್ಲಿ ಕನಿಷ್ಠ ದಂಡ 10,000ದಿಂದ 25,000 ರೂಪಾಯಿಗೆ ಏರಿತು. ‘ಎಲ್ಲ ಕಲ್ಲುಹವಳ’ ಎಂದ ಪಟ್ಟಿ ಅದು ಲಕ್ಷದ್ವೀಪದ್ದೋ ಇಂಡೋನೇಷ್ಯಾದ್ದೋ ಎಂದು ವಿಂಗಡಿಸುವುದಿಲ್ಲ. ಹೀಗಾಗಿ ಪುಸ್ತಕದಲ್ಲಿರುವ ಮಿಕ್ಸ್ಡ್ ರೀಫ್ ಇಲ್ಲಿ ಕಾನೂನಿನ ಪ್ರಕಾರ ಪೂರ್ಣವಾಗಿ ಸಾಧ್ಯವಿಲ್ಲ. ಪಟ್ಟಿಯ ಹೊರಗಿರುವ ಚರ್ಮಹವಳ, ಅಣಬೆಹವಳ, ಜೋಆಂತಿಡ್‌ಗಳಿಂದಲೇ ತೊಟ್ಟಿ ಕಟ್ಟಿಕೊಳ್ಳಬೇಕು. ಇದರಲ್ಲಿ ನಷ್ಟವೇನೂ ಇಲ್ಲ ಎಂಬುದು ಈ ಲೇಖಕನ ಅಭಿಪ್ರಾಯ: ಹೊಸಬರು ಮೊದಲು ಕೊಲ್ಲುವುದು ಅಕ್ರೊಪೊರಾವನ್ನೇ. ಜೀವಂತ ಕಲ್ಲಿನ ಬದಲಿಗೆ ಕೃತಕ ಸೆರಾಮಿಕ್ ಕಲ್ಲು ಸುರಕ್ಷಿತ, ಏಕೆಂದರೆ ಒಣಗಿದ ಹವಳದ ತುಂಡೂ ಕಾಯ್ದೆಯ ವ್ಯಾಪ್ತಿಯದೇ.

ಬೆಂಗಳೂರಿನ ಇಟ್ಟಮಡು ಬನಶಂಕರಿ ಮೂರನೇ ಹಂತಕ್ಕೆ ಹೊಂದಿಕೊಂಡ, ಕತ್ರಿಗುಪ್ಪೆ ಮತ್ತು ಹೊಸಕೆರೆಹಳ್ಳಿಯ ನೆರೆಯ ಬಡಾವಣೆ. ಇಲ್ಲಿಂದ ಎರಡೂ ಕರಾವಳಿ ನೂರಾರು ಕಿ.ಮೀ. ದೂರ, ಆದ್ದರಿಂದ ಕಡಲನ್ನು ಪುಡಿ ಉಪ್ಪಿನಿಂದಲೇ ತಯಾರಿಸಬೇಕು. 4×2×2 ಅಡಿಯ ತೊಟ್ಟಿಗೆ ಸುಮಾರು 450 ಲೀಟರ್ ನೀರು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಸುಮಾರು 16 ಕಿಲೋ ಉಪ್ಪು. ಗಾಜು, ಕಲ್ಲು, ಸ್ಟ್ಯಾಂಡು ಸೇರಿ ತೂಕ ಅರ್ಧ ಟನ್ನನ್ನು ಮೀರುತ್ತದೆ. ಮಹಡಿಯ ಬಾಡಿಗೆ ಮನೆಯಾದರೆ ತೊಲೆಯ ಮೇಲೆ, ಗೋಡೆಗೆ ಒತ್ತಿ ಇಡಬೇಕು, ಓನರ್‌ಗೆ ಮೊದಲೇ ಹೇಳಿರಬೇಕು.

ಕಷ್ಟವೆಲ್ಲ ಸಿಹಿನೀರಿನದು. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರು ಗಡಸು, ಅನೇಕ ಕಡೆ ನೈಟ್ರೇಟ್ ಹೆಚ್ಚು, ಅದು ಪಾಚಿಗೆ ಹಬ್ಬದೂಟ. ಅಡುಗೆಮನೆಯ ಆರ್‌ಓ ಸಾಲದು, ಅದರಾಚೆ ಅಯಾನು ತೆಗೆಯುವ ರಾಳದ ಹಂತವೂ ಬೇಕು, ಟಿಡಿಎಸ್ ಮೀಟರು ಸೊನ್ನೆ ತೋರಿಸಬೇಕು. ಒಂದು ಲೀಟರ್ ಶುದ್ಧ ನೀರಿಗೆ ಮೂರು ನಾಲ್ಕು ಲೀಟರ್ ನೀರು ಪೋಲಾಗುತ್ತದೆ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ ದಿನಗಳಲ್ಲಿ ಇದು ಮುಜುಗರದ ಲೆಕ್ಕ. ಪೋಲಾಗುವ ನೀರನ್ನು ನೆಲ ಒರೆಸಲು, ಟಾಯ್ಲೆಟ್ಟಿಗೆ ಹಿಡಿದಿಡದವರು ಈ ಹವ್ಯಾಸಕ್ಕೆ ಕೈ ಹಾಕಬಾರದು.

ಹವೆ ಮಾತ್ರ ಬೆಂಗಳೂರಿನ ಪರವಾಗಿದೆ. ಹವಳಕ್ಕೆ ಬೇಕಾದ 24ರಿಂದ 27 ಡಿಗ್ರಿ ವರ್ಷದ ಹೆಚ್ಚು ಕಾಲ ಮನೆಯೊಳಗೆ ತಾನಾಗಿಯೇ ಸಿಗುತ್ತದೆ. ಡಿಸೆಂಬರಿನ ಬೆಳಗಿಗೆ ಹೀಟರ್ ಸಾಕು. ಬೇಸಗೆಯದೇ ಗಂಡಾಂತರ: 2016ರ ಏಪ್ರಿಲಿನಲ್ಲಿ ನಗರದ ತಾಪ 39.2 ಡಿಗ್ರಿ ಮುಟ್ಟಿತ್ತು, 2024ರ ಏಪ್ರಿಲಿನಲ್ಲಿ 38.5. ಆದರೆ ಇಲ್ಲಿನ ಬೇಸಗೆ ಒಣ. ನೀರಿನ ಮೇಲೆ ಬೀಸುವ ಸಣ್ಣ ಫ್ಯಾನೇ ಆವಿಯ ಮೂಲಕ ಎರಡು ಮೂರು ಡಿಗ್ರಿ ಇಳಿಸಬಲ್ಲದು. ಸೆಕೆಯ ಮಂಗಳೂರಿನಲ್ಲಿ, ಚೆನ್ನೈಯಲ್ಲಿ ಆ ಉಪಾಯ ಅಷ್ಟು ನಡೆಯದು, ನೀರು ತಂಪಾಗಿಸುವ ಚಿಲ್ಲರ್ ಯಂತ್ರವೇ ಬೇಕು. ಆವಿಯಾದಷ್ಟು ನೀರನ್ನು ಉಪ್ಪು ಬೆರೆಸದೆ ತುಂಬಿಸಬೇಕು, ಇಲ್ಲವಾದರೆ ಉಪ್ಪಿನಂಶ ಏರುತ್ತದೆ. ಕರೆಂಟು ಹೋದಾಗ ಮೊದಲು ಉಳಿಸಬೇಕಾದದ್ದು ದೀಪವನ್ನಲ್ಲ, ನೀರಿನ ಚಲನೆಯನ್ನು: ಮನೆಯ ಯುಪಿಎಸ್‌ಗೆ ಒಂದು ವೇವ್ ಮೇಕರ್ ಜೋಡಿಸಿದರೆ ಆಮ್ಲಜನಕ ಕುಸಿಯದು.

ಹೊಸ ತೊಟ್ಟಿಯಲ್ಲಿ ಅಮೋನಿಯವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ಬಿಡುವಂತಿಲ್ಲ. ಮೀನಿನ ವಿಷಯದಲ್ಲಿ ಭಾರತದ ಸಂಶೋಧನೆ ಹವ್ಯಾಸಿಗೆ ನೆರವಾಗಿದೆ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಳಿಞ್ಞಂ ಕೇಂದ್ರ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿತು. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮತ್ಸ್ಯ ತಳಿ ಸಂಪನ್ಮೂಲ ಸಂಸ್ಥೆ ದ್ವೀಪದ ಮಹಿಳೆಯರಿಗೆ ಅಲಂಕಾರಿಕ ಸಿಗಡಿ ಸಾಕುವುದನ್ನು ಕಲಿಸಿದೆ. ಅಂಗಡಿಯ ನೀಲಿ ಟ್ಯಾಂಗ್‌ಗಳು, ಚಿಟ್ಟೆಮೀನುಗಳು ಬಹುಪಾಲು ಇಂದಿಗೂ ಕಡಲಿನಿಂದ ಹಿಡಿದು ತಂದವೇ.