ಟರ್ನ್‌ಟೇಬಲ್, ಆರಂಭಿಕ ದರ್ಜೆಯ

ಗ್ರಾಮಫೋನ್ ತಟ್ಟೆಯನ್ನು ನಿಗದಿತ ವೇಗದಲ್ಲಿ ತಿರುಗಿಸಿ, ಅದರ ಗೀರಿನ ಏರಿಳಿತವನ್ನು ಸೂಜಿಯ ಮೂಲಕ ವಿದ್ಯುತ್ ಸಂಕೇತವಾಗಿಸುವ, ಹೊಸ ಶ್ರೋತೃಗಳಿಗೆಂದು ತಯಾರಾದ ಕಡಿಮೆ ಬೆಲೆಯ ಯಂತ್ರ. ಬೆಲ್ಟ್ ಚಾಲಿತ, ನೇರ ಚಾಲಿತ ಎಂದು ಎರಡು ಬಗೆ. ಅಗ್ಗದವು ಬಹುತೇಕ ಬೆಲ್ಟಿನವು.

ಕನ್ನಡ ಸಂಗ್ರಾಹಕರಿಗೆ ಆಯ್ಕೆಯ ಮುಖ್ಯ ಅಂಶ ವೇಗ. 1948ರಲ್ಲಿ ಬಂದ ಎಲ್‌ಪಿ (ದೀರ್ಘಾವಧಿ ತಟ್ಟೆ) ನಿಮಿಷಕ್ಕೆ 33⅓ ಸುತ್ತು, 1949ರ ಚಿಕ್ಕ ತಟ್ಟೆ 45 ಸುತ್ತು ತಿರುಗುತ್ತವೆ. ಅರಗಿನಿಂದ ಮಾಡಿದ ಹಳೆಯ ತಟ್ಟೆಗಳಿಗೆ 78 ಸುತ್ತು ಬೇಕು. ರಂಗಗೀತೆ, ಆರಂಭಿಕ ಚಿತ್ರಗೀತೆಗಳು ಹೆಚ್ಚಾಗಿ ಇವುಗಳಲ್ಲೇ ಇವೆ. ಆಡಿಯೋ-ಟೆಕ್ನಿಕಾ ಕಂಪನಿಯ ಎಲ್‌ಪಿ60ಎಕ್ಸ್ ಮಾದರಿಯಲ್ಲಿ ಮೊದಲ ಎರಡೇ ವೇಗಗಳಿದ್ದು, ಎಲ್‌ಪಿ120ಎಕ್ಸ್‌ನಲ್ಲಿ ಮೂರೂ ಇವೆ. ವೇಗವೊಂದೇ ಸಾಲದು: 78ರ ಗೀರು ಅಗಲವಾದ್ದರಿಂದ ಸುಮಾರು 75 ಮೈಕ್ರಾನ್ ತುದಿಯ ಪ್ರತ್ಯೇಕ ಸೂಜಿ ಬೇಕು, ಎಲ್‌ಪಿ ಸೂಜಿಯ ತುದಿ ಸುಮಾರು 18 ಮೈಕ್ರಾನ್.

ಸೂಜಿಯನ್ನು ಹಿಡಿದಿರುವ ಮ್ಯಾಗ್ನೆಟಿಕ್ ಕಾರ್ಟ್ರಿಡ್ಜ್‌ನ ಸಂಕೇತ ಕೆಲವೇ ಮಿಲಿವೋಲ್ಟ್ ಇರುವುದರಿಂದ ಅದನ್ನು ಹಿಗ್ಗಿಸುವ ಫೋನೋ ಪ್ರಿಆಂಪ್ ಅಗತ್ಯ. ಪ್ರಿಆಂಪ್ ಯಂತ್ರದ ಒಳಗೇ ಇದ್ದರೆ ಮನೆಯ ಆಂಪ್ಲಿಫೈಯರ್‌ಗೆ ನೇರವಾಗಿ ಜೋಡಿಸಬಹುದು. ಸೂಜಿ ತಟ್ಟೆಯ ಮೇಲೆ ಹಾಕುವ ಭಾರ ಸಾಮಾನ್ಯವಾಗಿ 2ರಿಂದ 3.5 ಗ್ರಾಂ. ಸೂಟ್‌ಕೇಸ್ ಮಾದರಿಗಳಲ್ಲಿ ಇದು ಹೆಚ್ಚಿದ್ದು, ತಟ್ಟೆ ಬೇಗ ಸವೆಯುತ್ತದೆ.

ತಟ್ಟೆಗಳ ಬಾಳಿಕೆಗೆ ಊರಿನ ಹವೆಯೂ ಮುಖ್ಯ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಿಸಿಲು ಬೀಳುವೆಡೆ ಇಟ್ಟ ವಿನೈಲ್ ತಟ್ಟೆ ಸೊಟ್ಟಗಾಗುತ್ತದೆ. ಒಣಧೂಳು ಗೀರಿನೊಳಗೆ ಕೂತು ಚಟಪಟ ಸದ್ದು ತರುತ್ತದೆ. ಹೀಗಾಗಿ ಇಂಥ ಊರುಗಳಲ್ಲಿ ಧೂಳುಮುಚ್ಚಳವಿರುವ ಯಂತ್ರವೂ ಕಾರ್ಬನ್ ನಾರಿನ ಬ್ರಷ್ಷೂ ಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಲಾಗುತ್ತದೆ.